ಕಡಬು ಐತೇನ್ರೀ?

ಬಯಕೆ ಹೆಣ್ಣುಮಗಳಿಗೆ ಬಂದರೆ ಓಣಿಗೆಲ್ಲ ಸಂಭ್ರಮ. ಕುಬುಸ ಮಾಡುತ್ತಾರೆ, ಹಸಿರು ಬಳೆ ತೊಡಿಸುತ್ತಾರೆ, ಬೀಗರ ಮನೆಯಿಂದ ಬುತ್ತಿ ಬರುತ್ತದೆ. ಅದೇ ಬಯಕೆ ಅರವತ್ತರ ಹತ್ತಿರದ ಗಂಡಸಿಗೆ ಬಂದರೆ ಬೆರಳ ತುದಿಗೆ ಸೂಜಿ ಚುಚ್ಚಿ ರಕ್ತದಲ್ಲಿ ಸಕ್ಕರೆ ಎಷ್ಟಿದೆ ಎಂದು ನೋಡುತ್ತಾರೆ. ನನ್ನ ಬೆರಳು ಚುಚ್ಚಿದವಳು ನಮ್ಮಾಕಿಯೇ. ಯಂತ್ರದ ಅಂಕಿ ನೋಡಿ, "ಇದಕ್ಕ ಕಡಬು ಬ್ಯಾರೆ ಬೇಕಾಗೇತಿ" ಎಂದಳು. ಯಂತ್ರಕ್ಕೆ ಅಂದಳೋ ನನಗೆ ಅಂದಳೋ ತಿಳಿಯಲಿಲ್ಲ. ಈಚೆಗೆ ಇಬ್ಬರನ್ನೂ ಆಕೆ 'ಇದು' ಎಂದೇ ಕರೆಯುತ್ತಾಳೆ.

ನನಗೆ ಬೇಕಾಗಿದ್ದು ಕುಚ್ಚಿದ ಕಡಬು, ಕರಿದದ್ದಲ್ಲ. ಈ ವ್ಯತ್ಯಾಸ ಗೊತ್ತಿಲ್ಲದವರ ಜೊತೆ ನಾನು ಊಟದ ಮಾತು ಆಡುವುದಿಲ್ಲ. ಗೋಧಿಹಿಟ್ಟಿನ ಕಣಕವನ್ನು ತೆಳ್ಳಗೆ ಲಟ್ಟಿಸಿ, ಒಳಗೆ ಕಡಲೆಬೇಳೆ-ಬೆಲ್ಲದ ಹೂರಣ ಇಟ್ಟು, ಮಡಚಿ, ಅಂಚು ಒತ್ತಿ, ಕುದಿಯುವ ನೀರಿಗೆ ಬಿಡಬೇಕು. ಮುಳುಗಿದ ಕಡಬು ಬೆಂದಮೇಲೆ ತಾನಾಗಿ ತೇಲುತ್ತದೆ. ಅದನ್ನು ಜಾಲರಿಯಿಂದ ಎತ್ತಿ ತಾಟಿಗೆ ಹಾಕಿ, ಬೆರಳು ಸುಟ್ಟರೂ ಲೆಕ್ಕಿಸದೆ ನಡುವೆ ಒಡೆದು, ಏಲಕ್ಕಿ-ಜಾಜಿಕಾಯಿಯ ಉಗಿ ಮೂಗಿಗೆ ಬಡಿಯುವಾಗಲೇ ಮೇಲೆ ತುಪ್ಪ ಸುರಿಯಬೇಕು. ಪಕ್ಕದಲ್ಲಿ ಕಟ್ಟಿನ ಸಾರು ಇರಲೇಬೇಕು. ಹೂರಣಕ್ಕೆ ಬೇಯಿಸಿದ ಬೇಳೆ ಬಸಿದಾಗ ಬರುವ ಕಟ್ಟಿಗೆ ಹುಣಸೆ, ಮಸಾಲೆ ಖಾರ, ಒಣಕೊಬ್ಬರಿ, ಒಂದು ಚಿಟಿಕೆ ಹೂರಣ ಸೇರಿ ಆಗುವ ಸಾರು ಅದು. ಸಿಹಿಯ ಮೇಲೆ ಒಂದು ಗುಟುಕು ಆ ಸಾರು, ಸಾರಿನ ಮೇಲೆ ಮತ್ತೆ ಸಿಹಿ. ಹೀಗೆ ಹೊಟ್ಟೆಗೆ ತಾನು ತುಂಬಿದ್ದು ತಿಳಿಯದಂತೆ ನೋಡಿಕೊಳ್ಳುವುದೇ ಆ ಊಟದ ಚಾಣಾಕ್ಷತನ.

ಕಡಬಿಗೆ ಪಂಚಾಂಗದಲ್ಲಿ ಜಾಗ ಇಲ್ಲವೆಂದಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಜಗಲಿಯ ಮೇಲಿನ ಮಣ್ಣೆತ್ತಿಗೆ ನೈವೇದ್ಯ. ನಾಗರ ಪಂಚಮಿಗೆ ಹಂಚು ಇಡಬಾರದು, ಕರಿಯಬಾರದು, ಹೆಚ್ಚಬಾರದು, ಹಾವಿಗೆ ನೋವಾಗುತ್ತದೆ ಎಂಬ ನಂಬಿಕೆ. ಹಾಗಾಗಿ ಅಂದು ಕುದಿಸಿದ ಕಡಬೇ ಗತಿ. ಗಣೇಶ ಚೌತಿಗೆ ಇದ್ದೇ ಇದೆ. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲುವಾಗ ಸಜ್ಜೆ ಕಡಬು. ಆದರೆ ನನ್ನ ಬಯಕೆ ಹುಟ್ಟಿದ್ದು ಮಾರ್ಚ್ ತಿಂಗಳಲ್ಲಿ. ಸಂಕ್ರಾಂತಿ ಮುಗಿದು ಸಿದ್ಧೇಶ್ವರ ಜಾತ್ರೆಯ ಧೂಳೂ ಇಳಿದಿತ್ತು, ಮುಂದಿನ ಕಡಬಿಗೆ ಕಾರಹುಣ್ಣಿಮೆ ದಾಟಬೇಕಿತ್ತು. ಮಣ್ಣಿನ ಎತ್ತಿಗೆ ಸಿಗುವ ಮರ್ಯಾದೆ ಮಾಂಸದ ಮನುಷ್ಯನಿಗೆ ಸಿಗಲು ಇನ್ನೂ ಮೂರು ತಿಂಗಳು ಬಾಕಿ.

ಅಕಾಲದಲ್ಲಿ ಬಯಕೆ ಹುಟ್ಟಿಸಿದವಳು ಟೆಕ್ಸಾಸಿನ ಸ್ಯಾನ್ ಆಂಟೋನಿಯೊದಲ್ಲಿರುವ ನಮ್ಮ ಅಣ್ಣನ ಮಗಳು. ಒಂದು ರಾತ್ರಿ ವಿಡಿಯೊ ಕಾಲ್‌ನಲ್ಲಿ ಜೋಳದ ತೆನೆಯ ಒಣ ಸಿಪ್ಪೆಯಲ್ಲಿ ಸುತ್ತಿದ ಏನನ್ನೋ ಬಿಚ್ಚುತ್ತ, "ಕಾಕಾ, ಇಲ್ಲೆ ನೋಡ್ರಿ, ಮೆಕ್ಸಿಕೋದವರ ಕಡಬು" ಎಂದಳು. ತಮಾಲೆ ಅಂತೆ. ಗೋವಿನಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ನೆನೆಸಿ, ಮೇಲಿನ ಸಿಪ್ಪೆ ಉಜ್ಜಿ ತೊಳೆದು, ರುಬ್ಬಿ, ಆ ಹಿಟ್ಟನ್ನು ತೆನೆಯ ಸಿಪ್ಪೆಗೆ ಸವರಿ, ನಡುವೆ ಹೂರಣ ಇಟ್ಟು ಸುತ್ತಿ ಉಗಿಯಲ್ಲಿ ಬೇಯಿಸುತ್ತಾರೆ. ಸುಣ್ಣ ಹಾಕದಿದ್ದರೆ ಗೋವಿನಜೋಳದಲ್ಲಿರುವ ಒಂದು ಜೀವಸತ್ವ ಮೈಗೆ ಹತ್ತುವುದಿಲ್ಲ. ಅದನ್ನು ಅವರು ವಿಜ್ಞಾನ ಹುಟ್ಟುವ ಮೊದಲೇ ಕಂಡುಕೊಂಡಿದ್ದರು. ನಾವು ಸುಣ್ಣವನ್ನು ಎಲೆ-ಅಡಿಕೆಗೆ ಹಚ್ಚಿ ಗೋಡೆಗೆ ಉಗುಳಿದೆವು.

ಅವರಲ್ಲಿ ಜನವರಿ 6ರ ಹಬ್ಬದ ಸಿಹಿ ಬ್ರೆಡ್ಡಿನೊಳಗೆ ಪುಟ್ಟ ಗೊಂಬೆ ಅಡಗಿಸಿ ಇಡುತ್ತಾರೆ. ಯಾರ ತುಂಡಿನಲ್ಲಿ ಗೊಂಬೆ ಸಿಗುತ್ತದೋ ಅವರು ಫೆಬ್ರುವರಿ 2ಕ್ಕೆ ಎಲ್ಲರಿಗೂ ತಮಾಲೆ ತಿನ್ನಿಸಬೇಕು. ಇದನ್ನು ನಮ್ಮಾಕಿಗೆ ಉತ್ಸಾಹದಿಂದ ಹೇಳಿದೆ. "ನಮ್ಮ ಮನ್ಯಾಗ ಗೊಂಬಿ ಯಾವಾಗ್ಲೂ ನನ್ನ ತುಂಡಿನ್ಯಾಗ ಬರ್ತೈತಿ" ಎಂದು ಆಕೆ ಹಾಲಿಗೆ ಹೆಪ್ಪು ಹಾಕಲು ಹೋದಳು.

ಮಗಳು ಅದನ್ನು ಮಾಡಿದ್ದಲ್ಲ, ಕೊಂಡಿದ್ದು. ಡಜನ್ನಿನ ಲೆಕ್ಕದಲ್ಲಿ, ಫ್ರೀಜರಿನಿಂದ. ಯಾವ ಅಂಗಡಿಯದು ಒಣಗಿರುತ್ತದೆ, ಯಾವುದರಲ್ಲಿ ಬರೀ ಹಿಟ್ಟೇ ಇದ್ದು ಹೂರಣ ಹುಡುಕಬೇಕು ಎಂದೆಲ್ಲ ನನಗೆ ಪಾಠ ಹೇಳಿದಳು. ಸಿಪ್ಪೆ ಬಿಚ್ಚಿದಾಗ ಹಿಟ್ಟು ಅಂಟದೆ ಬಿಟ್ಟುಬರಬೇಕು, ಅದೇ ಪರೀಕ್ಷೆ. ಒಣದ್ರಾಕ್ಷಿ ಹಾಕಿದ ಸಿಹಿಯದೂ ಸಿಗುತ್ತದೆ. ಸ್ವಲ್ಪ ಹೊತ್ತು ಉಗಿಗೆ ಇಟ್ಟರೆ ಮುಗಿಯಿತು.

ಆ ರಾತ್ರಿ ನಿದ್ದೆ ಬರಲಿಲ್ಲ. ಸ್ಯಾನ್ ಆಂಟೋನಿಯೊದ ಅಂಗಡಿಯಲ್ಲಿ ಸಿಗುವುದು ನಮ್ಮ ವಿಜಯಪುರದ ಅಂಗಡಿಯಲ್ಲಿ ಸಿಗುವುದಿಲ್ಲವೇ? 1656ರ ಹೊತ್ತಿಗೇ ಗೋಳಗುಮ್ಮಟ ಎತ್ತಿ ನಿಲ್ಲಿಸಿದ ಊರು ಇದು. ಕಂಬವೇ ಇಲ್ಲದೆ ಅಷ್ಟು ದೊಡ್ಡ ಗುಮ್ಮಟ ನಿಲ್ಲಿಸಿದವರಿಗೆ, ಪರಾಂಡಾ ಕೋಟೆಯಿಂದ 55 ಟನ್ನಿನ ಮಲಿಕ್-ಎ-ಮೈದಾನ್ ತೋಪು ಎಳೆತಂದವರಿಗೆ ಒಂದು ಕಡಬು ಕುದಿಸಿ ಮಾರುವುದು ಕಷ್ಟವೇ?

ಬೆಳಿಗ್ಗೆ ಮೊದಲು ಮನೆಯೊಳಗೇ ಅರ್ಜಿ ಹಾಕಿದೆ. ಬರಿಗೈಲಿ ಹೋಗಲಿಲ್ಲ, ಸಾಹಿತ್ಯದ ಬೆಂಬಲ ತೆಗೆದುಕೊಂಡು ಹೋದೆ. ಸುಮಾರು 500 ವರ್ಷದ ಹಿಂದೆ ಮೂರನೆಯ ಮಂಗರಸ ಅಡುಗೆಯ ಬಗ್ಗೆಯೇ 'ಸೂಪಶಾಸ್ತ್ರ' ಎಂಬ ಕಾವ್ಯ ಬರೆದ, ಅದೂ ಷಟ್ಪದಿಯಲ್ಲಿ, ಅದರಲ್ಲೂ ಹಿಟ್ಟಿನ ಪದಾರ್ಥಗಳಿಗೇ ಬೇರೆ ಅಧ್ಯಾಯ ಇಟ್ಟ ಎಂದು ವಿವರಿಸಿದೆ.

"ಬೇಷ್ ಆತು. ಮಂಗರಸನ ಹೇಣ್ತಿ ಏನಂದ್ಳು ಅಂತ ಬರದಾನೇನು?"

"ಅದು ಸಿಕ್ಕಿಲ್ಲ."

"ಸಿಗೂದಿಲ್ಲ. ಆಕಿ ಬ್ಯಾಳಿ ಬಸ್ಯಾಕ ಹತ್ತಿದ್ಳು, ಬರ್ಯಾಕ ಪುರಸೊತ್ತೆಲ್ಲಿ?"

ನಂತರ ಆಕೆ ಲೆಕ್ಕ ಒಪ್ಪಿಸಿದಳು. ಬೇಳೆ ಕುದಿಸುವುದು, ಬಸಿಯುವುದು, ಬೆಲ್ಲ ಹಾಕಿ ಮತ್ತೆ ಕುದಿಸಿ ಗಟ್ಟಿ ಮಾಡುವುದು, ಬಿಸಿ ಇರುವಾಗಲೇ ರುಬ್ಬುವುದು, ಕಣಕ ನಾದುವುದು, ಒಂದೊಂದೇ ಲಟ್ಟಿಸಿ ತುಂಬುವುದು. ತನ್ನ ಭುಜದ ನೋವು, ಮೊಣಕಾಲಿನ ನೋವು ಬೇರೆ. "ಪಂಚಮಿಗೆ ಮಾಡ್ತೀನಿ. ಅಲ್ಲೀತನಕ ತಾಳಾಕ ಆಗದಿದ್ರ ಅಂಗಡ್ಯಾಗ ತಗೊಂಬರ್ರಿ. ನಿಮ್ಮ ಟೆಕ್ಸಾಸ್ ಹುಡುಗಿ ಹಂಗ." ಸವಾಲನ್ನು ನಾನು ಗಂಭೀರವಾಗಿಯೇ ತೆಗೆದುಕೊಂಡೆ. ಉಳಿದ ವಿಷಯಗಳಲ್ಲಿ ನನ್ನನ್ನು ಎರಡು ಸಲ ಎಬ್ಬಿಸಬೇಕು, ತಿನ್ನುವ ವಿಷಯಕ್ಕೆ ಒಂದು ಸಲ ಸಾಕು.

ಗಾಂಧಿ ಚೌಕದಿಂದ ಹುಡುಕಲು ಶುರು ಮಾಡಿದೆ. ನಮ್ಮ ಊರಿನ ರೊಟ್ಟಿ ಅಂಗಡಿಗಳು ನೋಡಲು ಚಂದ. ಖಡಕ್ ಜೋಳದ ರೊಟ್ಟಿಯ ಗೋಪುರ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ, ಡಬ್ಬಿಯಲ್ಲಿ ಕೆಂಪು ಖಾರ, ಗಾಜಿನ ಹಿಂದೆ ಶೇಂಗಾ ಹೋಳಿಗೆ, ಎಳ್ಳು ಹೋಳಿಗೆ, ಮೂರು ನಮೂನೆ ಉಂಡಿ.

"ಅಕ್ಕಾರ, ಕಡಬು ಐತೇನ್ರೀ?"

"ಐತಲ್ರೀ, ಕರಿಗಡಬು. ಎಷ್ಟ ಕಟ್ಲಿ?"

"ಕರಿದಿದ್ದಲ್ಲ. ಕುದಿಸಿದ್ದು."

ಆಕೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. "ಅದನ್ನ ಯಾರ್ ಮಾರ್ತಾರ್ರೀ?"

ಯಾಕೆ ಮಾರುವುದಿಲ್ಲ ಎಂದು ಕೇಳಿದೆ. ಗಿರಾಕಿ ಕಡಿಮೆ ಇದ್ದ ಹೊತ್ತು, ಆಕೆಯೂ ಸಮಾಧಾನವಾಗಿ ತಿಳಿಸಿ ಹೇಳಿದಳು. "ನೋಡ್ರಿ ಅಣ್ಣಾರ, ಶೇಂಗಾ ಹೋಳಿಗ್ಯಾಗ ಹುರದ ಶೇಂಗಾ ಪುಡಿ, ಬೆಲ್ಲ, ಎಳ್ಳು. ನೀರಿಲ್ಲ. ಹದಿನೈದು ದಿನ ಇಟ್ರೂ ಏನೂ ಆಗೂದಿಲ್ಲ, ಪುಣೆ-ಬೆಂಗಳೂರಿಗೆ ಒಯ್ತಾರ. ಕರಿಗಡಬಿನ್ಯಾಗ ನಾವು ಒಣಕೊಬ್ರಿ ಹಾಕ್ತೀವಿ, ಎಣ್ಣ್ಯಾಗ ಕರೀತೀವಿ, ಅದೂ ತಡೀತೈತಿ. ಬ್ಯಾಳಿ ಹೂರಣದಾಗ ನೀರಿರ್ತೈತಿ. ಈ ಬ್ಯಾಸಿಗ್ಯಾಗ ಮುಂಜಾನೆ ಮಾಡಿದ್ದು ಸಂಜಿಗೆ ಹುಳಿ ವಾಸನಿ. ಫ್ರಿಜ್ಜಿನ್ಯಾಗ ಇಟ್ರ ಮ್ಯಾಲಿನ ಕಣಕ ಚಪ್ಪಲಿ ಅಟ್ಟಿ ಆಗ್ತೈತಿ. ನೀರಿಲ್ಲದ್ದು ಅಂಗಡ್ಯಾಗ, ನೀರಿದ್ದದ್ದು ಮನ್ಯಾಗ."

ಇಷ್ಟು ಸ್ಪಷ್ಟವಾಗಿ ಯಾವ ಅರ್ಥಶಾಸ್ತ್ರದ ಮೇಷ್ಟರೂ ನನಗೆ ಮಾರುಕಟ್ಟೆ ತಿಳಿಸಿರಲಿಲ್ಲ. ಅಂಗಡಿಯ ಮುಂದೆ ನಿಂತು ಇನ್ನೊಂದು ಹೊಳೆಯಿತು. ಶೇಂಗಾ ದಕ್ಷಿಣ ಅಮೆರಿಕದ್ದು, ಕೆಂಪು ಖಾರದ ಮೆಣಸಿನಕಾಯಿ ಮೆಕ್ಸಿಕೋ ಕಡೆಯದು, ಗೋವಿನಜೋಳವೂ ಅಲ್ಲಿಯದೇ. ಸಮುದ್ರ ದಾಟಿ ನಾಲ್ಕು-ಐದು ಶತಮಾನದ ಈಚೆಗೆ ಬಂದವರೆಲ್ಲ ಗಲ್ಲಾಪೆಟ್ಟಿಗೆಯ ಪಕ್ಕ ಗಾಜಿನ ಕಪಾಟಿನಲ್ಲಿ ಆರಾಮಾಗಿ ಕುಳಿತಿದ್ದಾರೆ. ಅವರಿಗಿಂತ ಮೊದಲೇ ಇಲ್ಲಿದ್ದ ಗೋಧಿ, ಕಡಲೆಬೇಳೆ, ಬೆಲ್ಲ ಸೇರಿ ಆದ ಕಡಬು ಮಾತ್ರ ಅಂಗಡಿಯ ಮೆಟ್ಟಿಲು ಹತ್ತಿಲ್ಲ. ಇದನ್ನು ಆಕೆಗೆ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಬೇರೆ ಗಿರಾಕಿ ಬಂದರು. ಬರಿಗೈಲಿ ಹೋಗುವುದು ಸರಿಯಲ್ಲವೆಂದು ಅರ್ಧ ಕಿಲೊ ಕರಿಗಡಬು ಕಟ್ಟಿಸಿಕೊಂಡೆ.

ಅಲ್ಲಿಂದ ಲಾಲ್ ಬಹಾದ್ದೂರ್ ಶಾಸ್ತ್ರಿ ಮಾರ್ಕೆಟ್, ಸ್ಟೇಷನ್ ರಸ್ತೆ. ಒಂದು ಖಾನಾವಳಿಯ ಹಲಗೆಯ ಮೇಲೆ 'ಇಂದು ಹೋಳಿಗೆ ಊಟ' ಎಂದಿತ್ತು. ಹೋಳಿಗೆ ಇದ್ದಲ್ಲಿ ಬೇಳೆ ಬಸಿದಿರಬೇಕು, ಬೇಳೆ ಬಸಿದಲ್ಲಿ ಕಟ್ಟು ಇರಬೇಕು, ಕನಿಷ್ಠ ಅರ್ಧ ಬಯಕೆಯಾದರೂ ತೀರಲಿ ಎಂದು ಒಳಗೆ ಕುಳಿತು ಕಟ್ಟಿನ ಸಾರು ಕೇಳಿದೆ. "ಸಾಂಬಾರ್ ಐತ್ರಿ" ಎಂದ ಹುಡುಗ. ಮಾಲೀಕರನ್ನು ವಿಚಾರಿಸಿದರೆ ಹೋಳಿಗೆ ಹೊರಗಿನಿಂದ ತಯಾರಾಗಿ ಬರುತ್ತದೆ, ಇಲ್ಲಿ ಬರೀ ಬಿಸಿ ಮಾಡಿ ಬಡಿಸುವುದು. ನನಗೆ ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ (ಇಳಿಯಿತು, ಆದರೆ ಮನಸ್ಸಿಲ್ಲದೆ ಇಳಿಯಿತು). ಹಾಗಿದ್ದರೆ ಈ ಊರಿನಲ್ಲಿ ಮಾರಾಟವಾಗುವ ಅಷ್ಟೂ ಹೋಳಿಗೆಯ ಕಟ್ಟು ಎಲ್ಲಿಗೆ ಹೋಗುತ್ತದೆ? ಯಾರು ಕುಡಿಯುತ್ತಿದ್ದಾರೆ? ಕೃಷ್ಣೆಯ ನೀರಿನ ಲೆಕ್ಕಕ್ಕೆ ನ್ಯಾಯಾಧಿಕರಣ ಇದೆ, ಕಟ್ಟಿನ ಲೆಕ್ಕಕ್ಕೆ ಯಾರೂ ಇಲ್ಲ.

ಸಂಜೆ ತಳ್ಳುಗಾಡಿಯೊಂದರಿಂದ ಉಗಿ ಏಳುತ್ತಿತ್ತು. ನನ್ನ ಕಾಲು ತಾವಾಗಿ ಅತ್ತ ತಿರುಗಿದವು. ಅಲ್ಯುಮಿನಿಯಂ ಪಾತ್ರೆ, ಮೇಲೆ ಮುಚ್ಚಳ, ಒಳಗೆ ಸಾಲಾಗಿ ಬೆಳ್ಳನೆಯ, ಮಡಚಿದ ಅಂಚಿನ, ಹೊಟ್ಟೆ ಉಬ್ಬಿದ ಆಕೃತಿಗಳು. "ಮೋಮೊ ಕಾಕಾ, ವೆಜ್" ಎಂದ ಹುಡುಗ. ಟಿಬೆಟ್-ನೇಪಾಳದ ಕಡೆಯ ಕಡಬು ವಿಜಯಪುರದ ರಸ್ತೆಯಲ್ಲಿ ಸಿಗುತ್ತದೆ, ವಿಜಯಪುರದ ಕಡಬು ಸಿಗುವುದಿಲ್ಲ. ಒಂದು ಪ್ಲೇಟು ತೆಗೆದುಕೊಂಡು, ಕೆಂಪು ಚಟ್ನಿ ಬೇಡ, ಸ್ವಲ್ಪ ತುಪ್ಪ ಇದ್ದರೆ ಕೊಡು ಎಂದೆ. ಹುಡುಗ ಪಕ್ಕದ ಗಾಡಿಯವನ ಕಡೆ ನೋಡಿ ಕಣ್ಣು ಮಿಟುಕಿಸಿದ. ಒಳಗೆ ಎಲೆಕೋಸು. ಕಣಕ ಮಾತ್ರ ತೆಳ್ಳಗಿತ್ತು, ಅಂಚು ಚೊಕ್ಕವಾಗಿ ಒತ್ತಿದ್ದ, ಆ ಕೈಗೆ ಹೂರಣ ಸಿಕ್ಕಿದ್ದರೆ ಎಂದು ಮನಸ್ಸು ಮರುಗಿತು.

ಮನೆಯಲ್ಲಿ ಕರಿಗಡಬಿನ ಪೊಟ್ಟಣ ಬಿಚ್ಚಿದಾಗ ನಮ್ಮಾಕಿ ಒಂದು ತುಂಡು ಮುರಿದು ಬಾಯಿಗೆ ಹಾಕಿ, "ಸಪ್ಪಳ ಚೊಲೋ ಬರ್ತೈತಿ" ಎಂದಳು.

ಮುಂದಿನ ದಾರಿ ತಿಕೋಟಾ. ಅದು ಆಕೆಯ ತವರುಮನೆ, ಅಥಣಿ ರಸ್ತೆಯ ಊರು. ಹಿಂದೆ ನಾನು ಹೋದರೆ ಅತ್ತೆಯವರು ಬೆಳಿಗ್ಗೆಯೇ ಬೇಳೆ ಇಡುತ್ತಿದ್ದರು. ಅದು ನೆನಪಿದ್ದದ್ದರಿಂದಲೇ "ಅತ್ತಿಯವರನ್ನ ನೋಡದ ಭಾಳ ದಿನ ಆತಲ್ಲ" ಎಂದು ಪೀಠಿಕೆ ಹಾಕಿದೆ. ಮೂವತ್ತು ವರ್ಷದಲ್ಲಿ ತವರಿಗೆ ಹೋಗೋಣವೆಂದು ಗಂಡನೇ ಮೊದಲು ಹೇಳಿದ್ದು ಇದೇ ಸಲ ಎಂದು ಆಕೆ ಅನುಮಾನಪಟ್ಟರೂ ಚೀಲ ಕಟ್ಟಿದಳು. ಬಸ್ಸಿನಲ್ಲಿ 2023ರ ಜೂನಿನಿಂದ ನಮ್ಮ ಸಂಸಾರದ ಸ್ಥಾನಮಾನ ಬದಲಾಗಿದೆ. ಶಕ್ತಿ ಯೋಜನೆಯಲ್ಲಿ ಆಕೆಗೆ ಸೊನ್ನೆಯ ಟಿಕೆಟ್, ನನಗೆ ಪೂರ್ತಿ ದರ. ಆಕೆ ಕಿಟಕಿ ಪಕ್ಕ ಕುಳಿತು, "ರೊಕ್ಕ ಕೊಟ್ಟವ್ರು ನೀವು, ನೀವ ನಿಂದರ್ರಿ" ಎಂದು ನಕ್ಕಳು. ನಿಂತೇ ಹೋದೆ.

ತಿಕೋಟಾ ಕಡೆ ಆಗ ಒಣದ್ರಾಕ್ಷಿಯ ಹಂಗಾಮು. ರಸ್ತೆಯ ಎರಡೂ ಬದಿ ದ್ರಾಕ್ಷಿ ಪಡ, ನಡುನಡುವೆ ಶೆಡ್ಡುಗಳು. ಕೊಯ್ದ ಗೊನೆಗಳನ್ನು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಅದ್ದಿ, ನೆರಳಿನಲ್ಲಿ ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆಯ ಮೇಲೆ ಹರವುತ್ತಾರೆ. ಎರಡು-ಮೂರು ವಾರದಲ್ಲಿ ಗಾಳಿಯೇ ನೀರು ಎಳೆದುಕೊಳ್ಳುತ್ತದೆ. ಗಾಂಧಿ ಚೌಕದ ಅಕ್ಕನ ಸೂತ್ರ ಇಲ್ಲೂ ಸತ್ಯ. ಹಸಿ ದ್ರಾಕ್ಷಿಗೆ ವಾರದ ಆಯುಷ್ಯ, ನೀರು ಹೋದಮೇಲೆ ವರ್ಷವಿಡೀ ವ್ಯಾಪಾರ. ನೀರು ಕಳೆದುಕೊಂಡವರಿಗೇ ಈ ಲೋಕದಲ್ಲಿ ಬೆಲೆ ಎಂದು ನಮ್ಮಾಕಿಗೆ ಹೇಳಿದೆ. "ನಿಮ್ಮ ಹೊಟ್ಟಿ ನೋಡಿದ್ರ ನಿಮಗಿನ್ನೂ ಬೆಲಿ ಬಂದಿಲ್ಲ" ಎಂದಳು.

ಅತ್ತೆಯವರು ಬಾಗಿಲಲ್ಲೇ, "ಅಳಿಯಾರು ಬಂದ್ರು, ಹೋಳಿಗಿ ಹಾಕ್ರೆವ್ವ" ಎಂದು ಸೊಸೆಯನ್ನು ಕೂಗಿದರು. ನನ್ನ ಬಾಯಲ್ಲಿ ನೀರು. ತಾಟು ಬಂತು. ಶೇಂಗಾ ಹೋಳಿಗೆ. ತಣ್ಣಗಿನದು. ಪಕ್ಕದಲ್ಲಿ ಬಿಚ್ಚಿದ ಪ್ಲಾಸ್ಟಿಕ್ ಪೊಟ್ಟಣ ಕಂಡಿತು, ಗಾಂಧಿ ಚೌಕದ ಅಂಗಡಿಯಲ್ಲಿ ನೋಡಿದಂಥದೇ ಚೀಟಿ ಅಂಟಿಸಿದ್ದು.

"ಏನ್ ಮಾಡೂದ್ರಿ ಅಳಿಯಾರ," ಅಂದರು ಅತ್ತೆಯವರು, "ಸೊಸಿ ಪಡದ ಕೆಲಸಕ್ಕ ಹೋಗ್ತಾಳ, ನನಗ ಕೈಲಾಗೂದಿಲ್ಲ. ಯಾರರ ವಿಜಾಪುರಕ್ಕ ಹ್ವಾದ್ರ ತರಸ್ತೀವಿ. ನನಗಂತೂ ಹಲ್ಲಿಲ್ಲ, ಇದು ನಮಿಯೂದಿಲ್ಲ. ಮೆತ್ತಗ ಒಂದ ಕುಚ್ಚಿದ ಕಡಬು ತಿನ್ಬೇಕಂತ ಜೀವ ಭಾಳ ಬಡಕೊಳ್ತೈತಿ."

ನಾನು ನಮ್ಮಾಕಿಯ ಮುಖ ನೋಡಿದೆ. ಆಕೆ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದಳು. ಎಂಬತ್ತು ದಾಟಿದ ಆ ತಾಯಿಗೂ ನನಗೂ ಒಂದೇ ಬಯಕೆ. ಆದರೆ ಆಕೆಯ ಬಯಕೆಗೆ ಯಾರೂ ಬೆರಳು ಚುಚ್ಚಿರಲಿಲ್ಲ, ಎಲ್ಲರೂ ಪಾಪ ಎಂದಿದ್ದರು. ಪೊಟ್ಟಣದ ಚೀಟಿ ಓದಿದೆ. ತಯಾರಿಸಿದ್ದು ಬಬಲೇಶ್ವರದ ಒಂದು ಮಹಿಳಾ ಸಂಘ. ಅಂದರೆ ಬಬಲೇಶ್ವರದಲ್ಲಿ ಮಾಡಿ, ವಿಜಯಪುರದಲ್ಲಿ ಮಾರಿ, ತಿಕೋಟಾದಲ್ಲಿ ತಿನ್ನುತ್ತಾರೆ. 2018ರ ಹೊತ್ತಿಗೆ ಎರಡೂ ಊರಿಗೆ ಪ್ರತ್ಯೇಕ ತಾಲ್ಲೂಕಿನ ಪಟ್ಟ ಬಂತು. ಹೋಳಿಗೆ ಮಾತ್ರ ಇನ್ನೂ ಜಿಲ್ಲಾ ಕೇಂದ್ರಕ್ಕೆ ಬಂದು ಸಹಿ ಹಾಕಿಸಿಕೊಂಡೇ ಹೋಗುತ್ತದೆ.

ಬಬಲೇಶ್ವರಕ್ಕೆ ಜಮಖಂಡಿ ರಸ್ತೆಯ ಬಸ್ಸು. ಒಬ್ಬನೇ ಹೋದೆ. ಪಕ್ಕದಲ್ಲಿ ಕುಳಿತ ಕಾಖಂಡಕಿಯ ಹಿರಿಯರು ಕಾರಹುಣ್ಣಿಮೆಯ ಕರಿ ಹರಿಯುವ ಕಥೆ ಶುರು ಮಾಡಿದರು, ಎತ್ತಿನ ಕೋಡಿಗೆ ಕೋಡಬಳೆ ಕಟ್ಟುವವರೆಗೆ ಬಂದರು. ತಿನ್ನುವ ಮಾತು ಬಂದಿದ್ದೇ ಸಾಕೆಂದು ನಾನು ಕಡಬಿನ ವಿಷಯ ಎತ್ತಿದೆ. "ಕಡಬು ಕೊಳ್ಳಾಕ ಹೊಂಟೀರಿ?" ಎಂದು ಕೇಳಿ ಅವರು ಬಹಳ ಹೊತ್ತು ಕಿಟಕಿಯ ಹೊರಗೆ ನೋಡುತ್ತ ಕುಳಿತರು. ಹೊರಗೆ ಏತ ನೀರಾವರಿಯ ಕಾಲುವೆ ಬಂದಮೇಲೆ ಹಸಿರಾದ ಹೊಲಗಳಿದ್ದವು. ಆದರೆ ಅವರು ಹೊಲ ನೋಡುತ್ತಿರಲಿಲ್ಲ, ಕಾಲ ಎಲ್ಲಿಗೆ ಬಂತು ಎಂದು ನೋಡುತ್ತಿದ್ದರು.

ಸಂಘದ ಮನೆ ಹುಡುಕುವುದು ಕಷ್ಟವಾಗಲಿಲ್ಲ, ಏಲಕ್ಕಿಯ ವಾಸನೆ ಓಣಿಯ ತುದಿಗೇ ಇತ್ತು. ಪಡಸಾಲೆಯಲ್ಲಿ ಹೆಣ್ಣುಮಕ್ಕಳು ಸಾಲಾಗಿ ಕುಳಿತು ಲಟ್ಟಿಸುತ್ತಿದ್ದರು. ಹಿತ್ತಲಲ್ಲಿ ದೊಡ್ಡ ಬೋಗುಣಿಯಲ್ಲಿ ಬೇಳೆ ಕುದಿಯುತ್ತಿತ್ತು, ಮಾರನೆಯ ದಿನದ ಮದುವೆಯೊಂದಕ್ಕೆ ಬೇಳೆ ಹೋಳಿಗೆಯ ಆರ್ಡರು. ನಾನು ಬಂದ ಕಾರಣ ಹೇಳಿದೆ. ಹಿರಿಯಕ್ಕ ಲಟ್ಟಣಿಗೆ ನಿಲ್ಲಿಸಿ, "ಯಾಕ್ರೀ, ನಿಮ್ಮ ಮನ್ಯಾಗ ಹೆಣ್ಮಕ್ಕಳಿಲ್ಲೇನು?" ಎಂದು ಮರುಕದಿಂದ ಕೇಳಿದರು.

"ಅದಾಳ್ರಿ. ಮೊಣಕಾಲ ನೋವು."

"ಕಡಬು ಮೊಣಕಾಲಿಲೆ ಮಾಡ್ತಾರೇನ್ರಿ?" ಎಂದಳು ಮೂಲೆಯಲ್ಲಿದ್ದ ಹುಡುಗಿ. ಎಲ್ಲರೂ ನಕ್ಕರು. ನಾನೂ ನಕ್ಕೆ, ನಮ್ಮಾಕಿ ಇಲ್ಲಿ ಇರದಿದ್ದುದಕ್ಕೆ ದೇವರಿಗೆ ಕೈ ಮುಗಿದೆ.

ಬಹುದಿನದ ಪ್ರಶ್ನೆ ಆಗ ಕೇಳಿಯೇಬಿಟ್ಟೆ. ಇಷ್ಟು ಬೇಳೆ ಬಸಿದ ಕಟ್ಟು ಎಲ್ಲಿಗೆ ಹೋಗುತ್ತದೆ? "ಎಲ್ಲಿಗ್ರೀ? ಓಣಿಗೆಲ್ಲ ಹಂಚ್ತೀವಿ. ಹೋಳಿಗಿ ಆರ್ಡರ್ ಬಂದ ದಿನ ಎಲ್ಲಾರ ಮನ್ಯಾಗೂ ಕಟ್ಟಿನ ಸಾರ. ನಮ್ಮ ಹುಡುಗ್ರು ಅದನ್ನ ನೋಡಿದ್ರ ಓಡ್ತಾವ. ಉಳಿದದ್ದು ಎಮ್ಮಿಗೆ." ಹೊರಗೆ ಕಟ್ಟಿದ್ದ ಎಮ್ಮೆ ಮಿರಿಮಿರಿ ಮಿಂಚುತ್ತ ನನ್ನ ಕಡೆ ಒಮ್ಮೆ ನೋಡಿ ಮೆಲುಕು ಹಾಕಿತು. ಖಾನಾವಳಿಯಲ್ಲಿ ಸಾಂಬಾರ್ ಉಂಡ ನನಗೆ ಅದರ ಕಣ್ಣಿಗೆ ಕಣ್ಣು ಕೊಡಲಾಗಲಿಲ್ಲ.

ಹಿರಿಯಕ್ಕ ವ್ಯವಹಾರಸ್ಥೆ. "ಕಡಬು ಮಾರೂದಿಲ್ಲ. ಹೂರಣ ಬೇಕಾರ ತೂಗಿ ಕೊಡ್ತೀನಿ, ಕಟ್ಟು ಹಂಗ ಒಯ್ರಿ, ಅದಕ್ಕೇನು ರೊಕ್ಕ ಬ್ಯಾಡ. ಕಣಕ ಕಲಸೂದು, ತುಂಬೂದು, ಕುದಸೂದು ನಿಮ್ದು. ಇವತ್ತ ಮಾಡ್ರಿ, ನಾಳಿಗಿ ಇಟ್ಟೀರಿ ಮತ್ತ." ಬಯಕೆಯ ಮುಕ್ಕಾಲು ಪಾಲು ಅಂತೂ ಅಂಗಡಿಯಲ್ಲೇ ಸಿಕ್ಕಂತಾಯಿತು. ಹೂರಣ ಸ್ಟೀಲಿನ ಡಬ್ಬಿಗೆ ಬಿತ್ತು. ಕಟ್ಟು ತುಂಬಲು ಪಾತ್ರೆ ಇರಲಿಲ್ಲ. ನನ್ನ ನೀರಿನ ಬಾಟಲಿಯ ನೀರು ಎಮ್ಮೆಯ ಬಾನಿಗೆ ಸುರಿದು ಎಮ್ಮೆಯ ಕಟ್ಟು ಬಾಟಲಿಗೆ ತುಂಬಿಸಿಕೊಂಡೆ.

ವಾಪಸು ಬಸ್ಸಿನಲ್ಲಿ ಬಾಟಲಿಯನ್ನು ತೊಡೆಯ ಮೇಲೆ ಹಿಡಿದು ಕುಳಿತಿದ್ದೆ. ಬಣ್ಣ ಮಬ್ಬು ಹಳದಿ. ಎದುರಿನ ಸೀಟಿನ ಯುವಕ ಅದನ್ನೂ ನನ್ನನ್ನೂ ನೋಡಿ, ಪರೀಕ್ಷೆಗೆ ಒಯ್ಯುತ್ತಿದ್ದೇನೆಂದು ತಿಳಿದು, "ಅಜ್ಜಾರ, ಯಾವ ದವಾಖಾನಿಗೆ?" ಎಂದು ಕಾಳಜಿಯಿಂದ ಕೇಳಿದ. ಅಜ್ಜ ಎಂದದ್ದಕ್ಕೋ ದವಾಖಾನೆ ಎಂದದ್ದಕ್ಕೋ, ಯಾವುದಕ್ಕೆ ಮೊದಲು ಸಿಟ್ಟಾಗಬೇಕೆಂದು ನಿರ್ಧರಿಸುವಷ್ಟರಲ್ಲಿ ಊರು ಬಂತು.

ಅಡುಗೆಮನೆಯಲ್ಲಿ ನಮ್ಮಾಕಿ ಕುರ್ಚಿ ಹಾಕಿಕೊಂಡು ಕುಳಿತಳು. ಏಳುವುದಿಲ್ಲವೆಂದು ಮೊದಲೇ ಘೋಷಿಸಿದಳು. ಹೂರಣವನ್ನು ಬೆರಳಲ್ಲಿ ತೆಗೆದು ನೋಡಿ, "ಬೆಲ್ಲ ಒಂದ ಚೂರು ಕಮ್ಮಿ, ಆದ್ರ ಕೈ ಚೊಲೋ ಐತಿ" ಎಂದು ಬಬಲೇಶ್ವರಕ್ಕೆ ತೇರ್ಗಡೆ ಕೊಟ್ಟಳು. ನಾನು ಕಣಕ ಕಲಸಿದೆ. ನೀರು ಹೆಚ್ಚಾಯಿತು, ಹಿಟ್ಟು ಹಾಕಿದೆ. ಹಿಟ್ಟು ಹೆಚ್ಚಾಯಿತು, ನೀರು ಹಾಕಿದೆ. ಇಬ್ಬರಿಗೆಂದು ಶುರುವಾದದ್ದು ಜಾತ್ರೆಯ ದಾಸೋಹದ ಪ್ರಮಾಣಕ್ಕೆ ಬಂದಾಗ ಆಕೆ ಕೈಯೆತ್ತಿ ನಿಲ್ಲಿಸಿದಳು.

ಮೊದಲ ಕಡಬುಗಳು ಕುದಿಯುವ ನೀರಿಗೆ ಬಿದ್ದವು, ಮುಳುಗಿದವು, ತೇಲಿದವು, ಬಾಯಿ ಬಿಟ್ಟವು. ಹೂರಣ ನೀರಿಗೆ, ನೀರು ಕಣಕಕ್ಕೆ. ಪಾತ್ರೆಯಲ್ಲಿ ಕಂದು ಬಣ್ಣದ ಪಾಯಸವೊಂದು ಕುದಿಯತೊಡಗಿತು. ಮೆಕ್ಸಿಕೋದವರು ಸಿಪ್ಪೆಯಲ್ಲಿ ಯಾಕೆ ಸುತ್ತುತ್ತಾರೆಂದು ನನಗೆ ಆ ಕ್ಷಣ ಪೂರ್ತಿ ಅರ್ಥವಾಯಿತು. "ಹೊಟ್ಟಿ ತುಂಬ ತುಂಬಬ್ಯಾಡ್ರಿ," ಕುರ್ಚಿಯಿಂದ ಧ್ವನಿ ಬಂತು, "ತಿನ್ನೂದ್ರಾಗ ಮಾಡಿದ್ದನ್ನ ಕಡಬಿನ್ಯಾಗೂ ಮಾಡ್ತೀರೇನು? ಅಂಚಿಗೆ ನೀರ ಹಚ್ರಿ. ಒತ್ರಿ. ಗಟ್ಟಿ ಒತ್ರಿ. ಇಡ್ಲಿ ಪಾತ್ರ್ಯಾಗ ಉಗಿಗೆ ಇಡ್ರಿ, ನೀರಿಗೆ ಬಿಡೂದು ನಿಮ್ಮಿಂದಾಗೂದಿಲ್ಲ." ಬೇಕೆಂದೇ ಕೆಡಿಸುತ್ತಿದ್ದೇನೆ, ಕೊನೆಗೆ ತಾನು ಎದ್ದು ಮಾಡಲಿ ಎಂಬ ಹೂಟ ಇದು ಎಂದು ಆಕೆಗೆ ಅನುಮಾನ. ಅಷ್ಟು ಬುದ್ಧಿ ನನಗಿದ್ದರೆ ಮೂವತ್ತು ವರ್ಷ ಹೀಗೆ ಕಳೆಯುತ್ತಿರಲಿಲ್ಲ ಎಂದೆ. ಒಪ್ಪಿಕೊಂಡಳು.

ಇಡ್ಲಿ ಪಾತ್ರೆಯಿಂದ ಇಳಿದವು ಕಡಬುಗಳೇ. ಒಂದರ ಆಕಾರ ಇನ್ನೊಂದಕ್ಕಿರಲಿಲ್ಲ, ಆದರೆ ಹೂರಣ ಒಳಗೇ ಇತ್ತು. ಕಟ್ಟಿಗೆ ಒಗ್ಗರಣೆ ಬಿತ್ತು. ತುಪ್ಪ ಸುರಿದುಕೊಂಡು ಉಂಡೆವು. ಆಕೆ ಎರಡು ತಿಂದು ಮೂರನೆಯದಕ್ಕೆ ಕೈ ಹಾಕಿದಳು. ನನಗೆ ಎರಡನೆಯದರ ನಂತರ ತಾಟಿನ ಮೇಲೆ ಕೈ ಅಡ್ಡ ಇಟ್ಟಳು. ಬೆಲ್ಲ ಸಕ್ಕರೆಯಲ್ಲ ಎಂಬ ನನ್ನ ವಾದವನ್ನು ಆ ಯಂತ್ರದ ಮುಂದೆ ಮಂಡಿಸಲು ಹೇಳಿದಳು. ಪಾತ್ರೆಯಲ್ಲಿ ಇನ್ನೂ ಬಹಳ ಉಳಿದಿದ್ದವು. ಇಡುವಂತಿಲ್ಲ, ಹಿರಿಯಕ್ಕನ ಎಚ್ಚರಿಕೆ ಇತ್ತು. ನಮ್ಮಾಕಿ ಆಗಲೇ ತಿಕೋಟಾಕ್ಕೆ ಫೋನು ಹಚ್ಚಿ ವೈನಿಯ ಜೊತೆ ಮಾತಾಡುತ್ತಿದ್ದಳು. "ಹೌದ್ರಿ ವೈನಿ, ಇವ್ರ ಮಾಡ್ಯಾರ. ಇಲ್ರಿ, ಆರಾಮ ಅದಾರ. ಅವ್ವಗ ಕಳಿಸ್ತೀವಿ, ಬಸ್ಸಿನ್ಯಾಗ ಇಡ್ತಾರ, ಅಣ್ಣಗ ನಿಲ್ದಾಣಕ್ಕ ಬರಾಕ ಹೇಳ್ರಿ."

ಬುತ್ತಿಯ ಡಬ್ಬಿಗೆ ಬಿಸಿ ಬಿಸಿ ಕಡಬು, ಚಿಕ್ಕ ಡಬ್ಬಿಗೆ ತುಪ್ಪ, ಅದೇ ನೀರಿನ ಬಾಟಲಿಗೆ ಕಟ್ಟಿನ ಸಾರು. ಎಲ್ಲವನ್ನೂ ಬಟ್ಟೆಯಲ್ಲಿ ಗಂಟು ಕಟ್ಟಿ ಬಸ್ ನಿಲ್ದಾಣಕ್ಕೆ ಓಡಿದೆ. ಅಥಣಿಯ ಬಸ್ಸು ಹೊರಡುವುದರಲ್ಲಿತ್ತು. ಕಂಡಕ್ಟರ್ ಗಂಟನ್ನು ತೂಗಿ ನೋಡಿದ.

"ಏನೈತ್ರಿ ಇದ್ರಾಗ?"

"ಕಡಬು. ತಿಕೋಟಾದಾಗ ನಮ್ಮ ಅತ್ತಿಯವ್ರಿಗೆ ಮುಟ್ಟಿಸ್ಬೇಕು."

"ಕರಿದಿದ್ದೋ, ಕುದಿಸಿದ್ದೋ?"

"ಕುದಿಸಿದ್ದು."

ಸೀಟಿ ಊದಲು ಎತ್ತಿದ ಕೈ ಹಾಗೇ ನಿಂತಿತು. ಗಂಟಿನ ಹತ್ತಿರ ಮೂಗು ತಂದು, ಕಣ್ಣು ಮುಚ್ಚಿ, "ಅಣ್ಣಾರ, ಎಲ್ಲಿ ಕೊಂಡ್ರಿ?" ಎಂದು ಕೇಳಿದ.

"ಮೊದಲ ಹೇಳ್ತೀನಿ," ಎಂದೆ ನಾನು, "ಎಣಿಸಿ ಹಾಕೀನಿ."